ಆರನೇ ಪುಟದಿಂದ ಲೇಖನ ಶುರು ಮಾಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನೀವು ಕಳಿಸಿದ ‘ಕಟ್ಟಡ ನಿರ್ಮಾಣ ಮತ್ತು ನಿರ್ವಹಣೆ: ಇಂದಿನ ಸಂಶೋಧನೆಗಳು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಇಷ್ಟನ್ನೇ ಒಂದು ಸಾಲಿನಲ್ಲಿ ಬರೆದು ಕಳಿಸಬಹುದಿತ್ತು. ಆದರೆ ಆರನೇ ಪುಟದ ಒಂದು ಪ್ಯಾರಾ ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ತಕರಾರು ಹೇಳಿಬಿಡುತ್ತೇನೆ. ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಯಿಂದ ಶುರು ಮಾಡಿ, ಎರಡನೇ ಪ್ಯಾರಾಕ್ಕೇ ಊರು ಬಿಟ್ಟು ಹೋಗಿದ್ದೀರಿ. ಆಮೇಲೆ ಬಿಮ್ (ಕಟ್ಟಡದ ಕಂಪ್ಯೂಟರ್ ಮಾದರಿ), ಡ್ರೋನ್, ಕೃತಕ ಬುದ್ಧಿಮತ್ತೆ, ತ್ರೀಡಿ ಪ್ರಿಂಟಿಂಗ್, ಹೊಸ ಸಿಮೆಂಟ್. ಒಂದೊಂದಕ್ಕೆ ಅರ್ಧ ಪುಟ. ಓದುಗರಿಗೆ ಹೆಸರುಗಳು ಸಿಗುತ್ತವೆ. ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಸಿಗುವುದಿಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ತೆರೆದ ತ್ರೀಡಿ ಪ್ರಿಂಟ್ ಅಂಚೆ ಕಚೇರಿಯ ಬಗ್ಗೆ ಬರೆದಿದ್ದೀರಿ. 1,021 ಚದರಡಿ, 43 ದಿನ. ಅಂಕಿ ಸರಿ. ಆದರೆ ಆ 43 ದಿನದಲ್ಲಿ ಯಂತ್ರ ಮಾಡಿದ್ದೆಷ್ಟು, ಜನ ಮಾಡಿದ್ದೆಷ್ಟು? ಪಾಯ, ಕಿಟಕಿ, ವೈರಿಂಗ್ ಯಾರ ಕೈಯಿಂದ ಆಯಿತು? ಇದನ್ನು ಕೇಳದೆ ‘ಕ್ರಾಂತಿ’ ಅಂತ ಬರೆದರೆ ಅದು ಕಂಪನಿಯ ಜಾಹೀರಾತಿನ ಸಾಲಾಗುತ್ತದೆ.

ಸಿಮೆಂಟಿನ ಭಾಗಕ್ಕೆ ನನಗೆ ಜಾಸ್ತಿ ಬೇಸರವಾಯಿತು. ವಾಡಿ, ಸೇಡಂ, ಚಿತ್ತಾಪುರ ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಸುಣ್ಣದ ಕಲ್ಲನ್ನು 1,450 ಡಿಗ್ರಿ ಸುಮಾರಿಗೆ ಸುಟ್ಟು ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟಾಗುವ ಗಟ್ಟಿ ಉಂಡೆ, ಮಾಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಎಲ್‌ಸಿ3 ಅನ್ನುವ ಸಿಮೆಂಟಿನಲ್ಲಿ ಕ್ಲಿಂಕರ್‌ನ ಪಾಲನ್ನು ಅರ್ಧದಷ್ಟಕ್ಕೆ ಇಳಿಸಿ, ಸುಟ್ಟ ಜೇಡಿ ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಸೇರಿಸುತ್ತಾರೆ. ಜೇಡಿಗೆ ಅಷ್ಟು ಕಾವು ಬೇಕಿಲ್ಲ. ಇದಕ್ಕೆ ನಮ್ಮ ದೇಶದ ಮಾನಕ 2023ರಲ್ಲೇ ಬಂದಿದೆ. ಮನೆಯಲ್ಲಿ ಒಬ್ಬರಾದರೂ ಸಿಮೆಂಟ್ ಫ್ಯಾಕ್ಟರಿಗೋ ಕಲ್ಲಿನ ಗಣಿಗೋ ಹೋಗುವ ಊರುಗಳಿಗೆ ಇದು ದೊಡ್ಡ ಸುದ್ದಿ. ನೀವು ‘ಪರಿಸರ ಸ್ನೇಹಿ’ ಅಂತ ಎರಡು ಪದದಲ್ಲಿ ಮುಗಿಸಿದ್ದೀರಿ. ಇದನ್ನು ಎತ್ತಿಡಿ, ಇನ್ನೊಮ್ಮೆ ಬೇರೆ ಲೇಖನ ಮಾಡೋಣ.

ಈಗ ಆರನೇ ಪುಟ. ಹೋದ ಮೇ ತಿಂಗಳಲ್ಲಿ ಸೇಡಂ ರಸ್ತೆಯ ಹತ್ತಿರ ಒಂದು ಸ್ಲ್ಯಾಬ್ ಹಾಕುವುದನ್ನು ನೋಡಿದ್ದಾಗಿ ಬರೆದಿದ್ದೀರಿ. ಮಧ್ಯಾಹ್ನದ ಹೊತ್ತು. ಕಾಂಕ್ರೀಟ್ ಬೇಗ ಬಿಗಿಯಾಗುತ್ತಿದೆ. ಮೇಸ್ತ್ರಿ ಡ್ರಮ್ಮಿನಿಂದ ಇನ್ನಷ್ಟು ನೀರು ಸುರಿಸುತ್ತಾನೆ. ಬುಟ್ಟಿ ಹೊರುವ ಹೆಂಗಸೊಬ್ಬಳು ಗೋಡೆಯ ನೆರಳಿಗೆ ಹೋಗಿ ಕೂರುತ್ತಾಳೆ. ಇಷ್ಟು ಬರೆದು, ‘ಹವಾಮಾನವೂ ಒಂದು ಸವಾಲು’ ಅಂತ ಹೇಳಿ ರೋಬೋಟಿನ ಕಡೆ ಹೊರಟುಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಬಿಸಿಲಿನಲ್ಲಿ ಕಟ್ಟಡದ ಕೆಲಸ ಹೇಗೆ ನಡೆಯಬೇಕು ಅನ್ನುವುದು ಇವತ್ತಿನ ಸಂಶೋಧನೆಯ ದೊಡ್ಡ ಪ್ರಶ್ನೆ. ಅದನ್ನು ಬರೆಯಲು ಕಲಬುರಗಿಗಿಂತ ಒಳ್ಳೆಯ ಜಾಗ ನಿಮಗೆಲ್ಲಿ ಸಿಗುತ್ತದೆ?

ಮೊದಲು ಆ ಸ್ಲ್ಯಾಬನ್ನೇ ವಿವರಿಸಿ. 40 ಡಿಗ್ರಿ ದಾಟಿದರೆ ಕಾಂಕ್ರೀಟ್ ಕೆಲಸಕ್ಕೆ ಬೇರೆ ಎಚ್ಚರಿಕೆ ಬೇಕು ಅನ್ನುತ್ತದೆ ಐಎಸ್ 7861 ಅನ್ನುವ ಭಾರತೀಯ ಮಾನಕ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಿಗೆ ಅದು ಮಾಮೂಲು. ಡ್ರಮ್ಮಿನ ನೀರು ಸುರಿದರೆ ಆ ಹೊತ್ತಿಗೆ ಕೆಲಸ ಸಲೀಸು, ಆದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಮೇಲ್ಮೈ ಬೇಗ ಒಣಗಿ ಮೊದಲ ದಿನವೇ ಕೂದಲೆಳೆಯ ಬಿರುಕು ಬೀಳಬಹುದು. ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವ ಲೆಕ್ಕವನ್ನೂ ಕೊಡಿ. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿದ್ದರೆ 10 ದಿನ. ಹಾರುಬೂದಿ ಬೆರೆಸಿದ ಸಿಮೆಂಟಿಗೂ ಕನಿಷ್ಠ 10 ದಿನ, ಅದನ್ನು 14ಕ್ಕೆ ಏರಿಸಿದರೆ ಒಳ್ಳೆಯದು ಅಂತ ಸಲಹೆ. ಮನೆ ಕಟ್ಟಿಸುವವರು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಎಷ್ಟು ದಿನ ಸ್ಲ್ಯಾಬ್ ತೋಯಿಸುತ್ತಾರೆ? ನಮ್ಮ ಓದುಗರಲ್ಲಿ ಮನೆ ಕಟ್ಟಿಸುತ್ತಿರುವವರು ಬಹಳ ಜನ ಇದ್ದಾರೆ. ಈ ಒಂದು ಪ್ಯಾರಾ ಅವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನು ಆ ಹೆಂಗಸು. ಸೆಕೆ ಅಳೆಯಲು ಥರ್ಮಾಮೀಟರ್ ಒಂದೇ ಸಾಲದು. ತೇವ, ಬಿಸಿಲಿನ ಝಳ, ಗಾಳಿ ಎಲ್ಲ ಸೇರಿಸುವ ಡಬ್ಲ್ಯೂಬಿಜಿಟಿ ಅನ್ನುವ ಅಳತೆ ಇದೆ. 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಲ್ಲಿ ಬಿಸಿಲಿಗೆ ಕುಸಿದು ಬೀಳುತ್ತಿದ್ದವರಿಗಾಗಿ ಹುಟ್ಟಿದ್ದು ಅದು. ಹಾಂಗ್‌ಕಾಂಗ್‌ನಲ್ಲಿ ಕಬ್ಬಿಣ ಕಟ್ಟುವವರ ಬಳಲಿಕೆಯನ್ನು ಸೈಟಿನಲ್ಲೇ ಅಳೆದು, ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ವಿಶ್ರಾಂತಿ ಅಂತ ಲೆಕ್ಕ ಹಾಕಿದ್ದಾರೆ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರ ತನಕ ಬಯಲಿನ ಕೆಲಸ ಬಂದ್. ಡಬ್ಲ್ಯೂಬಿಜಿಟಿ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲೂ ನಿಲ್ಲಿಸಬೇಕು. ಇಲ್ಲಿ? ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇನಲ್ಲಿ ಬೆಳಿಗ್ಗೆ 8ರಿಂದ 1.30ರ ಸಮಯ ಮಾಡುವ ರೂಢಿ ಇದೆ. ಫ್ಯಾನಿನ ಕೆಳಗೆ ಕೂರುವವರಿಗೆ ಬಿಸಿಲು ಜಾಸ್ತಿ ಅಂತ ಸರ್ಕಾರಕ್ಕೇ ಗೊತ್ತಿದ್ದರೆ, ಸೆಂಟ್ರಿಂಗ್ ಹಲಗೆಯ ಮೇಲೆ ನಿಂತವರ ಪಾಡೇನು? ನಿಮ್ಮ ಲೇಖನ ಈ ಪ್ರಶ್ನೆಯನ್ನು ಕೇಳಬೇಕು, ಜೋರಾಗಿ ಕೇಳಬೇಕು.

ಆದರೆ ಉತ್ತರ ಸುಲಭ ಅಂತ ತೋರಿಸಬೇಡಿ. ಹನ್ನೊಂದಕ್ಕೆ ಕೆಲಸ ನಿಲ್ಲಿಸಿದರೆ ದಿನಗೂಲಿ ಪೂರ್ತಿ ಕೊಡುತ್ತಾರಾ? ಬೆಳಗಿನ ಜಾವ ಐದಕ್ಕೆ ಶುರು ಮಾಡಬೇಕೆಂದರೆ ಹಳ್ಳಿಯಿಂದ ಬರುವವರು ಯಾವ ಗಾಡಿಗೆ ಬರಬೇಕು? ಹೆಂಗಸರು ಮನೆಯ ಅಡುಗೆ ಯಾವಾಗ ಮುಗಿಸಬೇಕು? ಸೈಟಿನಲ್ಲಿ ಶೌಚಾಲಯ ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದೂ ಈ ಬಿಸಿಲಿನಲ್ಲಿ. ಇದನ್ನು ಗಂಡಸು ವರದಿಗಾರನಿಗೆ ಅವರು ಹೇಳಲಾರರು. ನಿಮಗೆ ಹೇಳಬಹುದು.

ನಿರ್ವಹಣೆಯ ಸಂಶೋಧನೆ ಇಲ್ಲಿ ಬರಲಿ. ಕ್ರಿಟಿಕಲ್ ಪಾತ್ ಲೆಕ್ಕ 1957ರ ಸುಮಾರಿಗೆ ಅಮೆರಿಕದಲ್ಲಿ ಬಂತು. ಪ್ರತಿ ಕೆಲಸಕ್ಕೂ ಇಷ್ಟು ದಿನ ಅಂತ ಕಾಗದದ ಮೇಲೆ ಹಾಕಿ, ಯಾವ ಕೆಲಸಗಳು ತಡವಾದರೆ ಇಡೀ ಕಟ್ಟಡ ತಡವಾಗುತ್ತದೆ ಅಂತ ನೋಡುವ ಪದ್ಧತಿ. ಆಮೇಲೆ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗ್ ಹೋವೆಲ್ ಅನ್ನುವ ಸಂಶೋಧಕರು ಬೇರೆ ದಾರಿ ಹಿಡಿದರು. ಈ ವಾರ ಮಾಡುತ್ತೇವೆ ಅಂದ ಕೆಲಸಗಳಲ್ಲಿ ಎಷ್ಟು ಮುಗಿದವು ಅಂತ ಎಣಿಸಿದರು. ಮುಗಿದದ್ದು ಹೆಚ್ಚುಕಡಿಮೆ ಅರ್ಧ! ಅಲ್ಲಿಂದ ‘ಲಾಸ್ಟ್ ಪ್ಲಾನರ್’ ಪದ್ಧತಿ ಬೆಳೆಯಿತು. ಕೆಲಸ ಮಾಡುವ ಗೌಂಡಿಯನ್ನೇ ಕೇಳಿ ಯೋಜನೆ ಹಾಕಬೇಕು, ತಪ್ಪಿದರೆ ಕಾರಣ ಬರೆದಿಡಬೇಕು ಅನ್ನುವುದು ಅದರ ತಿರುಳು. ನಮ್ಮ ಗುತ್ತಿಗೆದಾರರ ವಹಿಯಲ್ಲಿ ‘ಟ್ಯಾಂಕರ್ ಬರಲಿಲ್ಲ’, ‘ಎಂ-ಸ್ಯಾಂಡ್ ಬರಲಿಲ್ಲ’ ಅನ್ನುವುದಾದರೂ ಇರುತ್ತದಾ? ‘ಬಿಸಿಲು’ ಅಂತ ಇರುತ್ತದಾ? ಕೇಳಿ ನೋಡಿ.

ಇದಕ್ಕೆ ಲ್ಯಾಬ್ ಬೇಕಿಲ್ಲ. ವರ್ಕ್ ಸ್ಯಾಂಪ್ಲಿಂಗ್ ಅನ್ನುವ ಹಳೆಯ ವಿಧಾನ ಸಾಕು. ಒಪ್ಪಿಗೆ ಪಡೆದು ಸೈಟಿಗೆ ಹೋಗಿ. ಮೊದಲೇ ಚೀಟಿ ಎತ್ತಿ ಆರಿಸಿಕೊಂಡ ಹೊತ್ತುಗಳಲ್ಲಿ ಒಂದು ಸುತ್ತು ನೋಡಿ, ಯಾರು ಕೆಲಸದಲ್ಲಿದ್ದಾರೆ, ಯಾರು ಸಾಮಾನು ಸಾಗಿಸುತ್ತಿದ್ದಾರೆ, ಯಾರು ಕಾಯುತ್ತಿದ್ದಾರೆ ಅಂತ ಗುರುತು ಹಾಕಿ. ಬೆಳಗಿನದೂ ಮಧ್ಯಾಹ್ನದ್ದೂ ಬೇರೆ ಬೇರೆ ಇಡಿ. ಆಳುಗಳ ಹೆಸರು ಬರೆದುಕೊಳ್ಳಬೇಡಿ. ಇದು ಯಾರನ್ನೋ ಸೋಮಾರಿ ಅಂತ ಹಿಡಿಯುವ ಲೆಕ್ಕವಲ್ಲ ಅಂತ ಅವರಿಗೆ ಮೊದಲೇ ತಿಳಿಸಿ. ಒಂದೇ ಸೈಟ್ ನೋಡಿದ್ದರೆ ಒಂದೇ ಸೈಟ್ ಅಂತ ಲೇಖನದಲ್ಲಿ ಬರೆಯಿರಿ. ಅಷ್ಟರಿಂದ ಇಡೀ ಜಿಲ್ಲೆಯ ಮಾತು ಆಡಬೇಡಿ.

1,500 ಪದ ಸಾಕು. ಮಸೀದಿ, ಡ್ರೋನ್, ರೋಬೋಟ್ ಈ ಸಲ ಬೇಡ. ಕೆಲಸಗಾರರ ಫೋಟೋ ಇದ್ದರೆ ಅವರನ್ನು ಕೇಳಿಯೇ ತೆಗೆದದ್ದಾಗಿರಲಿ. ಮಳೆ ಶುರುವಾಗುವ ಮೊದಲೇ ಸೈಟಿಗೆ ಹೋಗಿಬನ್ನಿ, ಇಲ್ಲದಿದ್ದರೆ ಇನ್ನೊಂದು ಬೇಸಿಗೆ ಕಾಯಬೇಕಾಗುತ್ತದೆ. ಹೊಸ ಪ್ರತಿ ಬಂದರೆ ನಾನೇ ಕೂತು ಓದುತ್ತೇನೆ.

ಇಂತಿ,
ಸಂಪಾದಕ
ಕಲಬುರಗಿ