ನಿಮ್ಮ 'ಗ್ಯಾಸ್ ಸರೋವರ' ಓದಿದೆ

ನಮಸ್ಕಾರ. ಗದಗದಿಂದ ನೀವು ಕಳಿಸಿದ 'ಪಾತಾಳದ ಗ್ಯಾಸ್ ಸರೋವರ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ. ಗ್ಯಾಸ್ ಕಂಡೆನ್ಸೇಟ್, ಅಂದರೆ ನೆಲದಡಿ ಗ್ಯಾಸಾಗಿದ್ದು ಒತ್ತಡ ಇಳಿದಾಗ ಒಂದಿಷ್ಟು ದ್ರವ ಬಿಡುವ ಗ್ಯಾಸಿನ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರೇ ಕಡಿಮೆ.

ಮೊದಲು ಶೀರ್ಷಿಕೆ. ಅಲ್ಲಿ ಸರೋವರ ಇಲ್ಲ. ಗ್ಯಾಸ್ ಇರುವುದು ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ. ಮೂರನೇ ಪುಟದಲ್ಲಿ ನೀವೇ ಹಾಗೆ ಬರೆದಿದ್ದೀರಿ. ಅಷ್ಟು ಹೊತ್ತಿಗೆ ಓದುಗ ತಲೆಯಲ್ಲಿ ಭೀಷ್ಮ ಕೆರೆಯನ್ನೇ ತುಂಬಿಸಿಕೊಂಡು ಕೂತಿರುತ್ತಾನೆ.

ದೊಡ್ಡ ತಕರಾರು ಥಂಡಿ ಲೋಟದ್ದು. ಗ್ಯಾಸಿನಿಂದ ದ್ರವ ಬೀಳುವುದನ್ನು 'ಫ್ರಿಜ್ಜಿನಿಂದ ತೆಗೆದ ಲೋಟದ ಮೇಲೆ ಹನಿ ಕಟ್ಟುವಂತೆ' ಅಂತ ಬರೆದಿದ್ದೀರಿ. ಲೋಟದ ಮೇಲೆ ಹನಿ ಕಟ್ಟುವುದು ಥಂಡಿಗೆ. ನೆಲದಡಿ ಶಾಖ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಇಳಿಯುವುದು ಒತ್ತಡ. ಒತ್ತಡ ಇಳಿದರೆ ದ್ರವ ಆವಿಯಾಗಬೇಕು, ಅಲ್ವಾ? ಅಡುಗೆಮನೆ ಸಿಲಿಂಡರಿನಲ್ಲಿ ಆಗುವುದು ಅದೇ. ಇಲ್ಲಿ ಉಲ್ಟಾ. ಭಾರಿ ಒತ್ತಡದಲ್ಲಿ ಮೀಥೇನ್ ಅಣುಗಳು ಒತ್ತೊತ್ತಾಗಿ ನಿಂತು, ಭಾರದ ಅಣುಗಳನ್ನು ನಡುವೆ ಹಿಡಿದುಕೊಂಡಿರುತ್ತವೆ. ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಹಿಡಿತ ತಪ್ಪುತ್ತದೆ, ಭಾರದವು ದ್ರವವಾಗಿ ಬೀಳುತ್ತವೆ. 1892ರಲ್ಲೇ ಡಚ್ ವಿಜ್ಞಾನಿ ಕ್ಯೂನೆನ್ ಇದಕ್ಕೆ 'ರೆಟ್ರೊಗ್ರೇಡ್' ಅಂದರು, ಅಂದರೆ ಹಿಮ್ಮುಖ. ನಿಮ್ಮ ಲೇಖನದ ಜೀವವೇ ಈ ಉಲ್ಟಾತನ. ಲೋಟ ಅದನ್ನು ಮುಚ್ಚಿಹಾಕಿದೆ.

ಏಳನೇ ಪುಟದ ಮೂಲೆಗೆ ತುರುಕಿದ ಇಂಡೋನೇಷ್ಯಾದ ಅರುಣ್ ಗ್ಯಾಸ್ ಕ್ಷೇತ್ರವನ್ನು ಮೊದಲಿಗೆ ತನ್ನಿ. ಅಲ್ಲಿಯ ಗ್ಯಾಸನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಬಿದ್ದ ದ್ರವ ಶೇ 2ಕ್ಕಿಂತ ಕಡಿಮೆ. ಆದರೂ ಕೆಲವು ಬಾವಿಗಳ ಗ್ಯಾಸ್ ಕೊಡುವ ತಾಕತ್ತು ಸುಮಾರು ಅರ್ಧಕ್ಕೆ ಕುಸಿಯಿತು. ಯಾಕೆ? ಬಾವಿಯ ಬುಡದ ಸುತ್ತಲಿನ ಕಲ್ಲಿನಲ್ಲಿ ಒತ್ತಡ ಎಲ್ಲಕ್ಕಿಂತ ಕಡಿಮೆ ಇರುವುದು ಬಾವಿಗೆ ತಾಗಿದ ಕಡೆ. ದೂರದಿಂದ ಬರುವ ಗ್ಯಾಸೆಲ್ಲ ಅಲ್ಲಿಗೆ ಬಂದು ತನ್ನ ದ್ರವ ಇಳಿಸುತ್ತದೆ. ದಿನವೂ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಾಳಿ ನೋಡಿದ್ದೀರಲ್ಲ? ಎಣ್ಣೆ ಹಾಳಿಯಲ್ಲಿ ಹರಡುತ್ತದೆ, ತೊಟ್ಟಿಕ್ಕುವುದಿಲ್ಲ. ಪೂರ್ತಿ ನೆನೆದ ಮೇಲೇ ಹನಿ ಇಳಿಯುವುದು. ಕಲ್ಲಿನಲ್ಲೂ ದ್ರವ ಒಂದು ಮಟ್ಟ ಮುಟ್ಟುವ ತನಕ ಕದಲುವುದಿಲ್ಲ, ಗ್ಯಾಸಿಗೂ ಪೂರ್ತಿ ದಾರಿ ಬಿಡುವುದಿಲ್ಲ.

ದ್ರವ ತೆಗೆದ ಒಣ ಗ್ಯಾಸನ್ನು ಮರಳಿ ಒಳಗೆ ತುಂಬಿ ಒತ್ತಡ ಕಾಯುವ ಭಾಗ ಚಲೋ ಇದೆ. ಅದನ್ನು ಮುಟ್ಟಬೇಡಿ.

'ನಮ್ಮ ಕಪ್ಪತಗುಡ್ಡದಡಿಯೂ ಇಂಥ ಗ್ಯಾಸ್ ಇರಬಹುದು' ಸಾಲನ್ನು ಮಾತ್ರ ಹೊಡೆದುಹಾಕಿ. ಧಾರವಾಡದ ಹೆಸರು ಹೊತ್ತ ನಮ್ಮ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಬೆಂದು ಗಟ್ಟಿಯಾದದ್ದು. ಅಲ್ಲಿ ಚಿನ್ನ ಹುಡುಕಿದವರುಂಟು. ಗ್ಯಾಸಿಗೆ ಕೃಷ್ಣಾ-ಗೋದಾವರಿ ಕಡಲಿನಂಥ ಕಡೆ ಹೋಗಬೇಕು.

ಹತ್ತು ಪುಟ ಬೇಡ, ಐದು ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.