ಮಂಗಳೂರಿನ ತಾಳಮದ್ದಳೆ ತಂಡಕ್ಕೆ ಯಾವ ರೇಡಿಯೋ?

ನಿಮ್ಮ ತಾಳಮದ್ದಳೆ (ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ತಂಡಕ್ಕೆ ಖಾಸಗಿ ಎಫ್‌ಎಂನಲ್ಲಿ ಜಾಗ ಸಿಗುತ್ತಾ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು ಸಮುದಾಯ ರೇಡಿಯೋದವರನ್ನು, ಅಂದರೆ ಕಾಲೇಜು, ಸಂಘಸಂಸ್ಥೆಗಳು ಸ್ಥಳೀಯರಿಗಾಗಿ ನಡೆಸುವ ಸಣ್ಣ ಕೇಂದ್ರದವರನ್ನು ಕೇಳಿ. ನಿಮ್ಮ ಮಂಗಳೂರಲ್ಲೇ ಸೇಂಟ್ ಅಲೋಶಿಯಸ್ ಕಾಲೇಜಿನ (ಈಗ ಡೀಮ್ಡ್ ವಿಶ್ವವಿದ್ಯಾಲಯ) ರೇಡಿಯೋ ಸಾರಂಗ್ 107.8 ಇದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಅಲ್ಲಿ ಬರುತ್ತವೆ. ಇಂಥ ಕೇಂದ್ರಗಳು ಅರ್ಧದಷ್ಟಾದರೂ ಕಾರ್ಯಕ್ರಮವನ್ನು ಸ್ಥಳೀಯರ ಜೊತೆ ಸೇರಿ ಮಾಡಬೇಕು ಅಂತ ನಿಯಮವೇ ಇದೆ. ಹಾಗಾಗಿ ಸಂಕೋಚ ಬೇಡ, ನೇರವಾಗಿ ಹೋಗಿ ಮಾತಾಡಿ.

ಇಂಥ ಕೇಂದ್ರಗಳದ್ದು ಸಾಮಾನ್ಯವಾಗಿ 100 ವ್ಯಾಟ್‌ನ ಟ್ರಾನ್ಸ್‌ಮಿಟರ್, ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕೇಳಿಸುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ನಿಮ್ಮ ಕೇಳುಗರು ಇರುವುದೂ ಅಷ್ಟರೊಳಗೇ ಅಲ್ವಾ?

ನನ್ನ ಪ್ರಕಾರ ತಾಳಮದ್ದಳೆಯಷ್ಟು ರೇಡಿಯೋಗೆ ಹೊಂದುವ ಕಲೆ ಇನ್ನೊಂದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಪದ್ಯ ಮತ್ತು ಮಾತೇ ಎಲ್ಲ. ಆದರೆ ರಾತ್ರಿಯಿಡೀ ನಡೆಯುವ ಕೂಟದ ರೆಕಾರ್ಡಿಂಗನ್ನು ಹಾಗೇ ಕೊಡಬೇಡಿ. ಅರ್ಧ ಗಂಟೆಯ ಒಂದು ಸಂವಾದ ಆರಿಸಿ. ಚೆಂಡೆಯ ಸದ್ದು ಜಾಸ್ತಿ, ಅದನ್ನು ಮೈಕಿನಿಂದ ದೂರ ಇಡಿ. ಅರ್ಥಧಾರಿಗಳಿಗೆ (ಪಾತ್ರವಾಗಿ ಮಾತಾಡುವವರಿಗೆ) ಒಬ್ಬೊಬ್ಬರಿಗೂ ಬೇರೆ ಮೈಕ್ ಇದ್ದರೆ ಒಳ್ಳೆಯದು. ಶುರುವಿನಲ್ಲಿ ಯಾರು ಯಾವ ಪಾತ್ರ ಅಂತ ಹೇಳಿಬಿಡಿ, ಹೊಸಬರಿಗೂ ಕಥೆ ಹಿಡಿಯಲು ಸಿಗುತ್ತದೆ.