ಸ್ಕೂಬಾ ಇನ್‌ಸ್ಟ್ರಕ್ಟರ್ ಮುಟ್ಟಿದ್ದು ಕಲಿಸೋಕಾ, ಬೇರೆ ಉದ್ದೇಶಕ್ಕಾ ಅಂತ ಖಚಿತ ಮಾಡಿಕೊಳ್ಳೋದು ಹೇಗೆ?

ಸ್ಕೂಬಾ ಕಲಿಸುವಾಗ ಇನ್‌ಸ್ಟ್ರಕ್ಟರ್ ಮುಟ್ಟಿದ ರೀತಿ ಸರಿ ಅನ್ನಿಸಲಿಲ್ಲ ಅಂತ ನನಗೆ ಬರೆದವರು ನೀವು. ಜೊತೆಗೆ, "ಪೂರ್ತಿ ಖಚಿತವಾದ ಮೇಲೆ ದೂರು ಕೊಡ್ತೀನಿ, ಅಷ್ಟರಲ್ಲಿ ಮುಂದಿನ ವಾರ ನೇತ್ರಾಣಿ ದ್ವೀಪಕ್ಕೆ ಅವನ ಜೊತೆಗೇ ಡೈವ್‌ಗೆ ಹೋಗಬೇಕು" ಅಂತ ಬರೆದಿದ್ದೀರಿ. ಹೋಗಬೇಡಿ. ಮಿಕ್ಕ ಮಾತು ಆಮೇಲೆ.

ನಾನು ಕಲಿತದ್ದೂ ನಿಮ್ಮ ಹಾಗೇ ಮೈಸೂರಿನ ಒಂದು ಈಜುಕೊಳದಲ್ಲಿ. ವಾರದ ಕೊನೆಗೆ ಪೂಲ್ ಕ್ಲಾಸು, ಅದು ಮುಗಿದ ಮೇಲೆ ಕರಾವಳಿಗೆ ಹೋಗಿ ಸಮುದ್ರದ ಡೈವ್. ಮೊದಲ ದಿನವೇ ವೆಟ್‌ಸೂಟ್‌ನ (ಮೈಗಂಟುವ ಡೈವಿಂಗ್ ಉಡುಪು) ಬೆನ್ನಿನ ಜಿಪ್ ಎಳೆಯೋಕೆ ಇನ್‌ಸ್ಟ್ರಕ್ಟರ್ ತಾನೇ ಬಂದ. ಆ ಜಿಪ್ಪಿಗೆ ಉದ್ದನೆಯ ಪಟ್ಟಿ ಇರೋದೇ ಹಾಕಿಕೊಂಡವರು ತಾವೇ ಎಳೆದುಕೊಳ್ಳಲಿ ಅಂತ. ನನಗದು ಆಗ ಗೊತ್ತಿರಲಿಲ್ಲ. ಸಿಲಿಂಡರ್ ಕಟ್ಟಿರುವ ಜಾಕೆಟ್‌ಗೆ ಬಿಸಿಡಿ ಅಂತಾರಲ್ಲ, ಅದರ ಎದೆಯ ಬಕಲ್ಲನ್ನೂ ಅವನೇ ಹಾಕಿದ. ಆಮೇಲೆ ನೀರಿನೊಳಗೆ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವ ಅಭ್ಯಾಸ. ನಿಮಗೇ ಗೊತ್ತು, ಆಗ ಕಣ್ಣು ಮುಚ್ಚಿರುತ್ತೆ, ಎರಡೂ ಕೈ ಮಾಸ್ಕ್ ಮೇಲಿರುತ್ತೆ. ಅವನ ಕೈ ನನ್ನ ತೊಡೆಗೆ ಬಂದದ್ದು ಆ ಹೊತ್ತಿನಲ್ಲೇ. ಮೇಲೆ ಬಂದು ಕೇಳಿದೆ. "ಗಾಬರಿಯಾಗಿ ಮೇಲಕ್ಕೆ ಎದ್ದುಬಿಡ್ತೀರಿ ಅಂತ ಹಿಡ್ಕೊಂಡೆ ಮೇಡಂ" ಅಂದ. ನಾನು ಗಾಬರಿಯಾಗಿರಲಿಲ್ಲ. ಅವನು ಹಾಗಂದ ಮೇಲೆ, ಆಗಿದ್ದೆನೋ ಏನೋ ಅಂತ ನನಗೇ ಅನುಮಾನ ಬಂತು. ರಾತ್ರಿ ಹೊತ್ತು ವಾಟ್ಸಾಪ್ ಶುರುವಾಯಿತು. ಮೊದಲು ಕ್ಲಾಸಿನ ವಿಷಯ, ಆಮೇಲೆ ನನ್ನ ಮೈಕಟ್ಟಿನ ವಿಷಯ.

ಸಮುದ್ರದ ದಿನ ಜೊತೆಗೆ ಬಂದಿದ್ದ ಗೆಳತಿಯನ್ನು ಇನ್ನೊಬ್ಬರ ಜೊತೆ ಕಳಿಸಿ, "ಇವರು ಸ್ವಲ್ಪ ವೀಕು, ನಾನೇ ನೋಡ್ಕೋತೀನಿ" ಅಂತ ನನ್ನನ್ನು ಒಬ್ಬಳನ್ನೇ ಕರೆದುಕೊಂಡು ಹೋದ. ಕೆಳಗೆ ವೇಟ್ ಬೆಲ್ಟ್ (ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಪಟ್ಟಿ) ಸರಿ ಮಾಡುವ ನೆಪದಲ್ಲಿ ಮತ್ತೆ ಮತ್ತೆ ಕೈ ಹಾಕಿದ. ಬೆಲ್ಟ್ ಜಾರಿರಲೇ ಇಲ್ಲ. ಬಾಯಲ್ಲಿ ಉಸಿರಾಟದ ರೆಗ್ಯುಲೇಟರ್ ಇಟ್ಟುಕೊಂಡು ಬೈಯೋದಾದರೂ ಹೇಗೆ? ಅವನ ಕೈಯನ್ನು ತಳ್ಳಿದೆ. ಅವನು ಓಕೆ ಸನ್ನೆ ಮಾಡಿ ಕೇಳಿದ. ಭಯಕ್ಕೆ ನಾನೂ ಓಕೆ ಅಂತಲೇ ತೋರಿಸಿದೆ.

ಇಷ್ಟೂ ನಡೆದದ್ದು ಕ್ಯಾಮೆರಾದ ಮುಂದೆ. ಗೋಪ್ರೊ ಹಿಡಿದ ಹುಡುಗನೊಬ್ಬ ಎಲ್ಲರನ್ನೂ ಶೂಟ್ ಮಾಡುತ್ತಿದ್ದ, ವಿಡಿಯೊ ಪ್ಯಾಕೇಜಿನಲ್ಲೇ ಸೇರಿತ್ತು. ಸಂಜೆ ಎಲ್ಲರೂ ಫೋನ್ ತಂದು ತಮ್ಮ ತಮ್ಮ ವಿಡಿಯೊ ಹಾಕಿಸಿಕೊಂಡು ಹೋಗುತ್ತಾರೆ. ನಾನು ವಿಡಿಯೊ ಕೇಳುವ ಮೊದಲು ತರಬೇತಿ ಕೇಂದ್ರದ ಮಾಲೀಕರ ಹತ್ತಿರ ಹೋದೆ. ನನಗೆ ಮುಳುವಾದದ್ದು ಅದೊಂದೇ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ವಯಸ್ಸಾದವರು, ಮೊದಲ ದಿನದಿಂದ "ಏನಮ್ಮ" ಅಂತ ಪ್ರೀತಿಯಿಂದ ಮಾತಾಡಿಸಿದವರು. ಅವರಿಗೆ ಒಂದು ಮಾತು ಹೇಳದೆ ಪೊಲೀಸ್ ಅಂತ ಹೋದರೆ ತಪ್ಪಾಗುತ್ತೆ ಅನ್ನಿಸಿತು. ಮೊದಲು ಹಿರಿಯರಿಗೆ ತಿಳಿಸು ಅಂತಲೇ ನಮ್ಮನ್ನೆಲ್ಲ ಬೆಳೆಸಿರುವುದು. ಅವರು ಕೂರಿಸಿ, ಕಾಫಿ ತರಿಸಿ, ಪೂರ್ತಿ ಕೇಳಿಸಿಕೊಂಡರು. ನಾನು ಒಂದೂ ಬಿಡದೆ ಹೇಳಿದೆ: ಯಾವ ಡೈವ್, ಎಷ್ಟು ಹೊತ್ತಿಗೆ, ನಾನು ಕೈ ತಳ್ಳಿದ್ದು, ಆ ಹುಡುಗ ಎದುರಿಗೇ ನಿಂತು ಶೂಟ್ ಮಾಡುತ್ತಿದ್ದದ್ದು. "ನಾನು ವಿಚಾರಿಸ್ತೀನಮ್ಮ, ನೀವು ನೆಮ್ಮದಿಯಾಗಿ ಊರಿಗೆ ಹೋಗಿ" ಅಂದರು. ನಾನು ನೆಮ್ಮದಿಯಾಗಿಯೇ ಬಂದೆ. ಗೆಳತಿಯ ವಿಡಿಯೊ ಅವಳ ಫೋನಿಗೆ ಬಂತು. ನನ್ನದು ಕೇಳಿದರೆ "ಮೆಮರಿ ಕಾರ್ಡ್ ಕರಪ್ಟ್ ಆಗಿದೆ ಮೇಡಂ." ಯಾವ ತುಣುಕು ಅಳಿಸಬೇಕು ಅಂತ ಅವರಿಗೆ ತೋರಿಸಿಕೊಟ್ಟದ್ದು ನಾನೇ. ಮಿಕ್ಕವರ ಹಾಗೆ ಸುಮ್ಮನೆ ಫೋನ್ ಚಾಚಿದ್ದರೆ ಯಾರೂ ಕೊಡಲ್ಲ ಅನ್ನುತ್ತಿರಲಿಲ್ಲ. ನೇರವಾಗಿ ದೂರು ಕೊಟ್ಟಿದ್ದರೂ ಆಗುತ್ತಿತ್ತು. ದಾಖಲೆ ತರಿಸಿಕೊಳ್ಳಲು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ, ಪೊಲೀಸರು ಕಾರ್ಡನ್ನೇ ಜಪ್ತಿ ಮಾಡಬಹುದು. ಆದರೆ ಯಾರೇ ಆಗಲಿ, ಉಳಿದಿರುವುದನ್ನು ಮಾತ್ರ ತರಿಸಬಲ್ಲರು.

ಕೆಲವು ದಿನದ ಮೇಲೆ ಅದೇ ಮಾಲೀಕರು, ಫೀಸ್ ವಾಪಸ್ ಕೊಡ್ತೀವಿ, ಒಂದು ಕಾಗದಕ್ಕೆ ಸಹಿ ಹಾಕಿ ಅಂದರು. ಹಾಕಲಿಲ್ಲ. ಮೈಸೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋದೆ. ವಾಟ್ಸಾಪ್ ಸಂದೇಶಗಳ ವಿಷಯದಲ್ಲಿ ಅವನ ತಪ್ಪು ಸಾಬೀತಾಯಿತು. ನೀರಿನೊಳಗೆ ನಡೆದದ್ದು ಸಾಬೀತಾಗಲಿಲ್ಲ. "ಅವರೇ ಓಕೆ ತೋರಿಸಿದ್ರು" ಅನ್ನುವುದು ಅವನ ಉತ್ತರ. ನಾನು ಕೈ ತಳ್ಳಿದ್ದಕ್ಕೆ ನನ್ನ ಮಾತೊಂದೇ ಸಾಕ್ಷಿ. ಪೂಲ್‌ನವರು ಈಗ ಅವನನ್ನು ಒಳಗೆ ಬಿಡುತ್ತಿಲ್ಲ, ಅಷ್ಟು ಮಾತ್ರ ಆಯಿತು.

ಈಗ ನಿಮ್ಮ ಪ್ರಶ್ನೆ. ಹೊಸಬರನ್ನು ಇಳಿಸುವಾಗ ಇನ್‌ಸ್ಟ್ರಕ್ಟರ್ ಹಿಡಿಯುವುದು ಹಿಂದಿನಿಂದ ಸಿಲಿಂಡರಿನ ವಾಲ್ವ್, ಇಲ್ಲವೇ ಪಕ್ಕದಿಂದ ತೋಳು ಅಥವಾ ಬಿಸಿಡಿಯ ಭುಜದ ಪಟ್ಟಿ. ಬಿಸಿಡಿಗೆ ಗಾಳಿ ತುಂಬುವ ಬಟನ್ ಎಡಭುಜದಿಂದ ಇಳಿಬಿದ್ದ ಹೋಸ್‌ನಲ್ಲಿರುತ್ತೆ. ವೇಟ್ ಬೆಲ್ಟ್ ನಿಜವಾಗಿ ಜಾರಿದರೆ ಬಕಲ್ ಮುಟ್ಟಬೇಕಾಗಬಹುದು. ಎದೆ, ತೊಡೆ, ಪೃಷ್ಠ ಹಿಡಿದು ಕಲಿಸುವ ಸ್ಕಿಲ್ ಯಾವುದೂ ಇಲ್ಲ. ಕಾಲಿನ ನಡುವಿನ ಪಟ್ಟಿ ಇದ್ದರೆ ಅದನ್ನು ನೀವೇ ಹಾಕಿಕೊಳ್ಳಬೇಕು. ಒಳ್ಳೆಯ ಇನ್‌ಸ್ಟ್ರಕ್ಟರ್ ಎಲ್ಲಿ ಹಿಡೀತೀನಿ ಅಂತ ದಡದಲ್ಲೇ ಹೇಳುತ್ತಾನೆ. ನಾನು ಆಮೇಲೆ ಬೇರೆಯವರ ಹತ್ತಿರ ಕೋರ್ಸ್ ಮುಗಿಸಿದಾಗ ನೋಡಿದ್ದು ಇದನ್ನೇ.

ಆದರೂ ನೀವು ಖಚಿತ ಮಾಡಿಕೊಳ್ಳಬೇಕು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಪತ್ತೆ ಹಚ್ಚುವುದು ವಿಚಾರಣೆ ಮಾಡುವವರ ಕೆಲಸ. ಯಾವ ದಿನ, ಯಾವ ಅಭ್ಯಾಸದ ಹೊತ್ತಿಗೆ, ಕೈ ಎಲ್ಲಿತ್ತು, ನೀವು ಏನು ಮಾಡಿದಿರಿ, ಅವನು ಏನಂದ, ಅಕ್ಕಪಕ್ಕ ಯಾರಿದ್ದರು: ಇಷ್ಟನ್ನು ಇವತ್ತೇ ಬರೆದಿಡಿ. ಚಾಟ್ ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ವಿಡಿಯೊ ಇದ್ದರೆ ಏನೂ ಹೇಳದೆ ಮೊದಲು ಈಸಿಕೊಳ್ಳಿ.

ನಾನು ಅಲ್ಲಿ ಕೆಲಸ ಮಾಡುವವಳಲ್ಲ, ಬರೀ ಕಲಿಯೋಳು ಅಂತ ಹಿಂಜರಿಯಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ದೂರು ಕೊಡುವ ಹೆಂಗಸು ಅಲ್ಲಿನ ನೌಕರಳಾಗಿರಬೇಕಿಲ್ಲ. ಕ್ರೀಡಾ ತರಬೇತಿಯ ಜಾಗವೂ, ಕೆಲಸದ ಮೇಲೆ ಹೋದ ಜಾಗವೂ ಕೆಲಸದ ಸ್ಥಳವೇ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಕೊಡಲು ಅವಧಿ 3 ತಿಂಗಳು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರಿನ 6 ಪ್ರತಿ ಬೇಕು. ರಾಜಿ ನೀವು ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗಕೂಡದು.

ಪೊಲೀಸ್ ದೂರು ಬೇರೆ, ಎರಡನ್ನೂ ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೇ ಕಲಂ ಇದಕ್ಕೇ ಇರುವುದು. ಉದಾಹರಣೆಗೆ, ಮೈಸೂರಿನಲ್ಲಿ ನಡೆದದ್ದಕ್ಕೆ ಮಂಡ್ಯದ ಠಾಣೆಯಲ್ಲೂ ಝೀರೊ ಎಫ್‌ಐಆರ್ (ಘಟನೆ ಎಲ್ಲೇ ನಡೆದಿರಲಿ ದಾಖಲಿಸುವ ಎಫ್‌ಐಆರ್) ಹಾಕಿಸಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಪ್ರತಿ ಉಚಿತವಾಗಿ ಕೊಡಬೇಕು. "ಆ ಠಾಣೆಗೆ ಹೋಗಿ" ಅಂದರೆ ಎದ್ದು ಬರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಅವನಿಗೆ ಸರ್ಟಿಫಿಕೇಟ್ ಕೊಟ್ಟಿರುವ ಡೈವಿಂಗ್ ಸಂಸ್ಥೆ ಪ್ಯಾಡಿಯೋ ಎಸ್‌ಎಸ್‌ಐಯೋ ಯಾವುದಿದೆಯೋ ಅಲ್ಲಿಗೂ ಅವನ ಇನ್‌ಸ್ಟ್ರಕ್ಟರ್ ನಂಬರ್ ಹಾಕಿ ಬರೆಯಿರಿ. ಅವರು ಸದಸ್ಯತ್ವ ಕಿತ್ತುಕೊಳ್ಳಬಲ್ಲರು.

ಕಟ್ಟಿದ ಫೀಸ್ ಹೋಗುತ್ತೆ ಅಂತ ಅವನ ಜೊತೆ ಇಳಿಯಬೇಡಿ. ಪೂಲ್ ಭಾಗ ಮುಗಿದಿದ್ದರೆ ಉಳಿದ ನಾಲ್ಕು ಸಮುದ್ರದ ಡೈವ್‌ಗಳನ್ನು ರೆಫರಲ್ (ಕಲಿತಷ್ಟು ಭಾಗಕ್ಕೆ ಕೊಡುವ ದಾಖಲೆ) ಮೇಲೆ ಬೇರೆ ಕಡೆ ಮುಗಿಸಬಹುದು. ಮುಂದೆ ಯಾರ ಜೊತೆ ಇಳಿದರೂ ನೆನಪಿರಲಿ, ಹೆಬ್ಬೆರಳು ಮೇಲೆ ಮಾಡಿ ತೋರಿಸಿದರೆ ಡೈವ್ ಅಲ್ಲಿಗೆ ಮುಗಿಯಬೇಕು. ಕಾರಣ ಕೇಳುವ ಹಾಗಿಲ್ಲ. ಉಸಿರು ಮಾತ್ರ ಹಿಡಿಯಬೇಡಿ, ಉಸಿರಾಡುತ್ತಲೇ ನಿಧಾನವಾಗಿ ಮೇಲೆ ಬನ್ನಿ.

ಮನೆಯಲ್ಲಿ ಏನಂತಾರೋ ಅಂತಲೂ ಕೇಳಿದ್ದೀರಿ. ನಮ್ಮಮ್ಮ "ನಿನಗ್ಯಾಕೆ ಬೇಕಿತ್ತು ಪುಟ್ಟಿ ಆ ಸಮುದ್ರ" ಅಂತ ಅತ್ತರು. ಆಮೇಲೆ ವಿಚಾರಣೆಗೆ ನನ್ನ ಜೊತೆ ಬಂದು ಬಾಗಿಲಲ್ಲಿ ಕೂತದ್ದೂ ಅವರೇ. ಸಮಿತಿಯ ಮುಂದೆ ಬಂದ ದೂರಿನಲ್ಲಿ ನಿಮ್ಮ ಹೆಸರನ್ನು ಯಾರೂ ಬಹಿರಂಗ ಮಾಡುವಂತಿಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಿ. ಜೊತೆಗೆ ಬರಲು ಯಾರೂ ಇಲ್ಲವೆಂದರೆ ನನಗೆ ಬರೆಯಿರಿ, ಮೈಸೂರಿನಲ್ಲೇ ಇದ್ದೇನೆ, ನಾನು ಬರುತ್ತೇನೆ. ದೂರು ಕೊಟ್ಟ ಮೇಲೆ ಸೀಲ್ ಹಾಕಿದ ಸ್ವೀಕೃತಿ ಪ್ರತಿ ಕೇಳಿ ತೆಗೆದುಕೊಂಡೇ ಹೊರಡೋಣ.